ನುಂಗಿದ ಸೀನು

ನಮ್ಮ ಮನೆಯಲ್ಲಿ ಸೀನುವುದಕ್ಕೂ ಹೊತ್ತುಗೊತ್ತು ಇತ್ತು. ಯಾರಾದರೂ ಹೊರಗೆ ಹೊರಟಾಗ ಸೀನಬಾರದು, ಹೊಸ ಬಟ್ಟೆ ಉಡುವಾಗ ಸೀನಬಾರದು, ಮದುವೆ ಮಾತು ನಡೆಯುವಾಗಂತೂ ಸೀನಲೇಬಾರದು. ಒಂಟಿ ಸೀನು ಅಪಶಕುನ, ಜೋಡಿ ಸೀನಿಗೆ ದೋಷವಿಲ್ಲ. ನನ್ನ ಮೂಗಿಗೆ ಈ ಲೆಕ್ಕ ಯಾವತ್ತೂ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು ಹೊದಿಕೆ ಕೊಡವಿದರೆ ಸಾಕು, ಒಂದರ ಹಿಂದೆ ಒಂದು ಶುರುವಾಗುತ್ತಿತ್ತು. ಹೊರಟವರು ಚಪ್ಪಲಿ ಮೆಟ್ಟಿಕೊಂಡು, ಬೆಸವೋ ಸಮವೋ ಎಂದು ಎಣಿಸುತ್ತಾ ಬಾಗಿಲಲ್ಲೇ ನಿಂತಿರುತ್ತಿದ್ದರು.

ಅಪ್ಪ ಮಾತ್ರ ಎಣಿಸುತ್ತಿರಲಿಲ್ಲ. ಅವನು ಪೀಣ್ಯದ ಕಾರ್ಖಾನೆಗಳಿಗೆ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ನಾನು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅವನು ಹೊಸಲು ದಾಟುವಾಗ ನನಗೆ ಒಂದೇ ಒಂದು ಸೀನು ಬಂತು.

"ಒಸಿ ಕೂತ್ಕಂಡು ನೀರು ಕುಡ್ದು ಓಗಿ," ಎಂದಳು ಅಮ್ಮ.

"ಇವಳ ಸೀನಿಗೆಲ್ಲಾ ಕೂತ್ಕಂಡ್ರೆ ನಾನು ಮನೇಲೇ ಇರ್ಬೇಕಾಯ್ತದೆ," ಎಂದು ನಕ್ಕು ಹೋದ.

ತುಮಕೂರು ರಸ್ತೆಯಲ್ಲಿ ಲಾರಿಯೊಂದು ಹಿಂದಿನಿಂದ ಗುದ್ದಿತು. ಸಂಜೆ ಅಪ್ಪನ ಹೆಣ ಮನೆಗೆ ಬಂತು. ಲಾರಿಯವನು ಕುಡಿದಿದ್ದನಂತೆ. ಅದನ್ನು ಎಲ್ಲರೂ ಹೇಳಿದರು, ಅಮ್ಮನೂ ಹೇಳಿದಳು. ನನ್ನ ಸೀನಿನ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ತಿಥಿ ಮುಗಿದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಒಂದು ವಿದ್ಯೆ ಕಲಿಸಿದಳು. ಎರಡು ಬೆರಳಿನಲ್ಲಿ ಮೂಗು ಒತ್ತಿ ಹಿಡಿಯಬೇಕು, ತುಟಿ ಬಿಗಿಯಬೇಕು, ಬಂದದ್ದನ್ನು ಒಳಕ್ಕೇ ತಳ್ಳಬೇಕು. "ಅಂಗೇ ನುಂಗ್ಬುಡು ಮಗಾ. ಯಾರ್ಗೂ ಗೊತ್ತಾಗಕಿಲ್ಲ."

ನಾನು ನುಂಗಿದೆ. ಎಷ್ಟು ಚೆನ್ನಾಗಿ ನುಂಗುತ್ತಿದ್ದೆನೆಂದರೆ ಪಕ್ಕದಲ್ಲಿ ಕೂತವರಿಗೂ ತಿಳಿಯುತ್ತಿರಲಿಲ್ಲ. ಒಂದೇ ಒಂದು ಸಲ ಕೈಮೀರಿತು. ನನ್ನನ್ನು ನೋಡಲು ಬಂದವರಿಗೆ ಉಪ್ಪಿಟ್ಟು ಕೊಡುತ್ತಿದ್ದೆ, ಎರಡೂ ಕೈಯಲ್ಲಿ ತಟ್ಟೆ ಇತ್ತು, ಮೂಗು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಆ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಆಮೇಲೆ ಬೇರೆಯವರನ್ನು ಕರೆಸುವ ಉತ್ಸಾಹ ಅಮ್ಮನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅಷ್ಟರಲ್ಲಿ ಮನೆ ನಡೆಯುತ್ತಿದ್ದದ್ದೂ ತಂಗಿ ಓದುತ್ತಿದ್ದದ್ದೂ ನನ್ನ ಸಂಬಳದಲ್ಲಿ.

ಆ ಸಂಬಳ ಬರುತ್ತಿದ್ದದ್ದು ನನ್ನ ಬಲಗಿವಿಯಿಂದ. ಪೀಣ್ಯದಲ್ಲಿ ಫ್ಯಾನ್ ಮೋಟಾರ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಲೈನಿನ ಕೊನೆಗೆ ಕೂರುತ್ತಿದ್ದೆ. ಓಡುತ್ತಿರುವ ಮೋಟಾರಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಬೇರಿಂಗಿನ ಸದ್ದು ನೇರ ಕಿವಿಗೆ ಬರುತ್ತದೆ. ಒಳ್ಳೆಯದು ಒಂದೇ ಸಮನೆ ಗುಂಯ್ ಎನ್ನುತ್ತದೆ. ಕೆಟ್ಟದ್ದರಲ್ಲಿ ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಕಿರುಸದ್ದು. ಅದನ್ನು ಪಕ್ಕಕ್ಕೆ ಇಡುವುದೇ ನನ್ನ ಕೆಲಸ. ಹೆಚ್ಚಿನ ಓದಿಲ್ಲದವಳಿಗೆ ಸಿಕ್ಕ, ನೆರಳಿನಲ್ಲಿ ಕೂತು ಮಾಡುವ ಮರ್ಯಾದೆಯ ಕೆಲಸ ಅದು. ನನಗೆ ಅದರ ಮೇಲೆ ಜಂಬವೂ ಇತ್ತು.

ಮೂಗಿನದು ಕಾಯಿಲೆ ಎಂದು ಯಾರೂ ಒಪ್ಪುತ್ತಿರಲಿಲ್ಲ. ಕಣ್ಣು ಉಜ್ಜಿ ಉಜ್ಜಿ ಕೆಂಪಾಗಿರುತ್ತಿತ್ತು, ಅತ್ತಿದ್ದೀಯಾ ಎಂದು ಕೇಳುತ್ತಿದ್ದರು. ಅಂಗುಳ ಎಷ್ಟು ತುರಿಸುತ್ತಿತ್ತೆಂದರೆ ನಾಲಿಗೆಯಿಂದ ಕೆರೆದುಕೊಳ್ಳುತ್ತಿದ್ದೆ. ರಾತ್ರಿಯೆಲ್ಲಾ ಬಾಯಲ್ಲಿ ಉಸಿರಾಡಿ ಬೆಳಿಗ್ಗೆ ತಲೆ ಕಲ್ಲಾಗಿರುತ್ತಿತ್ತು. ಕೊನೆಕೊನೆಗೆ ಕಿವಿಯೂ ಆಗಾಗ ಕಟ್ಟಿಕೊಳ್ಳುತ್ತಿತ್ತು. ಎಂಜಲು ನುಂಗಿದರೆ ಟಕ್ಕೆಂದು ಬಿಡುತ್ತಿತ್ತು, ನಾನು ಕೆಲಸ ಮುಂದುವರಿಸುತ್ತಿದ್ದೆ. "ಬೆಂಗ್ಳೂರು ಹವಾನೇ ಹಂಗೆ ಕಣ್ರೀ, ಯಾರಿಗಿಲ್ಲ?" ಎನ್ನುತ್ತಿದ್ದ ಮೆಡಿಕಲ್ ಶಾಪಿನವನು ಒಂದು ಮಾತ್ರೆ ಕತ್ತರಿಸಿ ಕೊಡುತ್ತಿದ್ದ. ಅದನ್ನು ನುಂಗಿದರೆ ಮೂಗಿನ ಜೊತೆ ನಾನೂ ಮಲಗಿಬಿಡುತ್ತಿದ್ದೆ. ನೆಗಡಿಗೆ ಯಾರಾದರೂ ದೊಡ್ಡ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ತಂಗಿಯ ನಿಶ್ಚಿತಾರ್ಥ ನಾಗಸಂದ್ರದ ಒಂದು ಪುಟ್ಟ ಪಾರ್ಟಿ ಹಾಲ್‌ನಲ್ಲಿ ನಡೆಯಿತು. ಕಿಟಕಿ ಮುಚ್ಚಿ ಎಸಿ ಹಾಕಿದ್ದರು. ಒಳಗೆ ಊದಿನಕಡ್ಡಿಯ ಹೊಗೆ, ಸುಗಂಧರಾಜದ ಹಾರಗಳು. ನಿದ್ದೆ ಬರುತ್ತದೆಂದು ಮಾತ್ರೆ ತೆಗೆದುಕೊಂಡಿರಲಿಲ್ಲ, ಓಡಾಡಲು ಮನೆಯಲ್ಲಿ ನಾನೊಬ್ಬಳೇ ಇದ್ದದ್ದು. ಎರಡೂ ಕಡೆಯವರು ತಾಂಬೂಲದ ತಟ್ಟೆ ಬದಲಾಯಿಸಲು ಎದ್ದು ನಿಂತರು. ಆಗ ಬಂತು. ಅಮ್ಮ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಅವತ್ತು ಹೊಸಲು ದಾಟಿದ ಅಪ್ಪ ಇದ್ದ. ನಾನು ಸೆರಗಿನ ಮರೆಯಲ್ಲಿ ಮೂಗು ಹಿಡಿದು, ಇದ್ದ ಶಕ್ತಿಯನ್ನೆಲ್ಲಾ ಹಾಕಿ ನುಂಗಿದೆ.

ಬಲಗಿವಿಯೊಳಗೆ ಏನೋ ಟಪ್ ಎಂದಿತು. ಸೂಜಿ ಚುಚ್ಚಿದ ಹಾಗೆ ನೋವು, ಆಮೇಲೆ ಬಿಸಿ. ನೆಲ ಒಂದು ಸುತ್ತು ತಿರುಗಿತು, ಗೋಡೆ ಹಿಡಿದುಕೊಂಡೆ. ಪುರೋಹಿತರ ಬಾಯಿ ಆಡುತ್ತಿತ್ತು, ಮಾತು ಎಲ್ಲೋ ಪಕ್ಕದ ಬೀದಿಯಿಂದ ಬಂದಂತೆ ಕೇಳಿಸುತ್ತಿತ್ತು. ತಟ್ಟೆ ಬದಲಾಯಿತು. ಅಮ್ಮ ಹತ್ತಿರ ಬಂದು ನನ್ನ ಬೆನ್ನು ಸವರಿದಳು. ಎಷ್ಟೋ ವರ್ಷದ ಮೇಲೆ ಅವಳು ಹಾಗೆ ಮುಟ್ಟಿದ್ದು. ಆ ಸಂತೋಷದಲ್ಲಿ ನಾನು ಎಲ್ಲರಿಗೂ ಹೋಳಿಗೆ ಬಡಿಸಿದೆ.

ಸೋಮವಾರ ಸ್ಕ್ರೂಡ್ರೈವರಿನ ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡೆ. ಮೋಟಾರ್ ತಿರುಗುತ್ತಿರುವುದು ಮೂಳೆಗೆ ಗೊತ್ತಾಗುತ್ತಿತ್ತು, ಸದ್ದು ಇರಲಿಲ್ಲ. ಎಡಗಿವಿಗೆ ಇಟ್ಟೆ. ಅದೂ ಮೊದಲಿನಿಂದಲೇ ಕಟ್ಟಿಕೊಂಡಿತ್ತು, ಎಲ್ಲಾ ಮೋಟಾರೂ ಒಂದೇ ಥರ ಕೇಳಿಸಿದವು. ಅಕ್ಕಿ ಯಾವುದು ಕಲ್ಲು ಯಾವುದು ಎಂದು ತಿಳಿಯಲಿಲ್ಲ. ನಾನೇ ಎದ್ದು ಹೋಗಿ ಸೂಪರ್‌ವೈಸರಿಗೆ ಹೇಳಿದೆ. ಅವರು ಒಳ್ಳೆಯವರು. "ಮೊದ್ಲು ಹೋಗಿ ಕಿವಿ ತೋರಿಸ್ಕೊಂಬನ್ನಿ ಅಕ್ಕ," ಎಂದು ನನ್ನನ್ನು ಪ್ಯಾಕಿಂಗಿಗೆ ಹಾಕಿದರು.

ಅಮ್ಮನೂ ಆಸ್ಪತ್ರೆಗೆ ಬಂದಳು. ಕಿವಿ ಮೂಗಿನ ಡಾಕ್ಟರಮ್ಮ ಕಿವಿಯೊಳಗೆ ದೀಪ ಬಿಟ್ಟು ನೋಡಿ, ಮೂಗಿನೊಳಗೂ ನೋಡಿ, ಏನಾಯಿತೆಂದು ಕೇಳಿದರು. ನಾನು ಸೀನು ನುಂಗಿದ್ದನ್ನು ಹೇಳಿದೆ.

"ಯಾರಮ್ಮ ನಿಮಗೆ ಇದನ್ನ ಹೇಳ್ಕೊಟ್ಟಿದ್ದು?"

"ಚಿಕ್ಕಂದಿನಿಂದ ಅಭ್ಯಾಸ ಆಗ್ಬಿಟ್ಟಿದೆ ಮೇಡಂ," ಎಂದೆ. ಅಮ್ಮ ಗೋಡೆಯ ಫ್ಯಾನ್ ನೋಡುತ್ತಿದ್ದಳು.

"ಇದು ನೆಗಡಿ ಅಲ್ಲ, ಅಲರ್ಜಿ. ಮೂಗಿನ ಹಿಂದಿಂದ ಕಿವಿಗೆ ಒಂದು ಸಣ್ಣ ದಾರಿ ಇದೆ. ಅಲರ್ಜಿಗೆ ಅದು ಊದ್ಕೊಂಡು ಮುಚ್ಚಿ ಮುಚ್ಚಿ, ಕಿವಿ ತಮಟೆ ಒಳಕ್ಕೆ ಸೆಳ್ಕೊಂಡು ತೆಳ್ಳಗಾಗಿತ್ತು. ಅಂಥಾ ತಮಟೆ ಮೇಲೆ ಸೀನನ್ನ ನುಗ್ಗಿಸಿದೀರಿ. ಹರಿದುಹೋಗಿದೆ. ಒಳಗಿವಿಗೂ ಪೆಟ್ಟಾಗಿರೋ ಹಾಗಿದೆ. ಮೊದ್ಲು ಮೂಗು ಹದಕ್ಕೆ ಬರ್ಲಿ, ಆಮೇಲೆ ತಮಟೆಗೆ ತೇಪೆ ಹಾಕೋಣ."

ಸ್ಪ್ರೇ ಕೊಟ್ಟರು, ಉಪ್ಪುನೀರಿನಲ್ಲಿ ಮೂಗು ತೊಳೆಯುವುದನ್ನು ಕಲಿಸಿದರು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಹೇಳಿದರು. ಒಗೆಯುವುದನ್ನು ಅಮ್ಮ ತಾನೇ ವಹಿಸಿಕೊಂಡಳು, ನನ್ನನ್ನು ಹತ್ತಿರ ಬಿಡಲಿಲ್ಲ. ಕೆಲವು ವಾರಗಳಲ್ಲಿ ಕಣ್ಣಿನ ತುರಿಕೆ ನಿಂತಿತು. ಬಾಯಿ ಮುಚ್ಚಿಕೊಂಡು ನಿದ್ದೆ ಮಾಡಿದೆ. ಪಕ್ಕದ ಮನೆಯ ಒಗ್ಗರಣೆಯ ಘಮ ಬಂತು. ಎಡಗಿವಿ ಬಿಟ್ಟುಕೊಂಡಿತು. ಇಷ್ಟು ಸುಲಭವಾಗಿತ್ತೇ ಎಂದು ಸಿಟ್ಟಿನಿಂದ ಅತ್ತುಬಿಟ್ಟೆ. ಆಮೇಲೆ ಬಲಗಿವಿಗೆ ತೇಪೆಯನ್ನೂ ಹಾಕಿದರು. ತೂತು ಮುಚ್ಚಿತು, ಕಿವಿ ಬರಲಿಲ್ಲ. ಒಳಗಿನದು ಸತ್ತುಹೋಗಿತ್ತು. ಎಡಗಿವಿಯಲ್ಲಾದರೂ ಕೆಲಸ ಮಾಡುತ್ತೇನೆಂದು ಕೇಳಲು ಹೋದರೆ, ಲೈನಿನ ಕೊನೆಗೆ ಸದ್ದು ಅಳೆಯುವ ಮೀಟರ್ ಬಂದು ಕೂತಿತ್ತು. ನಾನು ಈಗಲೂ ಪ್ಯಾಕಿಂಗಿನಲ್ಲಿ ಡಬ್ಬಕ್ಕೆ ಟೇಪ್ ಅಂಟಿಸುತ್ತೇನೆ. ಸಂಬಳ ಕಡಿಮೆ, ದಿನವಿಡೀ ನಿಂತುಕೊಂಡಿರಬೇಕು.

ಮೊನ್ನೆ ಹಬ್ಬಕ್ಕೆ ತಂಗಿ ತನ್ನ ಗಂಡ, ಮಗಳ ಜೊತೆ ಬಂದಿದ್ದಳು. ಮಗು ಬೆಳಗಿನಿಂದ ಅಂಗೈಯಲ್ಲಿ ಮೂಗು ಮೇಲಕ್ಕೆ ಉಜ್ಜಿಕೊಳ್ಳುತ್ತಿತ್ತು. ಆ ಉಜ್ಜುವಿಕೆ ನನಗೆ ಗೊತ್ತು. ಮಧ್ಯಾಹ್ನ ಅದರ ಅಪ್ಪ ಬೈಕಿನ ಕೀ ತೆಗೆದುಕೊಂಡು ಹೊರಟ. ನನ್ನ ಅಮ್ಮನ ತೊಡೆಯ ಮೇಲಿದ್ದ ಮಗು ಮುಖ ಕಿವುಚಿ ಬಾಯಿ ತೆರೆಯಿತು. ಅಮ್ಮನ ಎರಡು ಬೆರಳು ಆಗಲೇ ಅದರ ಮೂಗಿನ ಮೇಲಿದ್ದವು.

"ಬಿಡಮ್ಮಾ!" ಎಂದು ಕಿರುಚಿದೆ. ಒಂದು ಕಿವಿಯವಳಿಗೆ ತನ್ನ ದನಿ ಎಷ್ಟು ಜೋರೆಂದು ಗೊತ್ತಾಗುವುದಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದ ಅಳಿಯನನ್ನು ನೋಡಿದಳು, ನನ್ನನ್ನು ನೋಡಿದಳು. ಬೆರಳು ತೆಗೆದಳು. ಮಗು ಸೀನಿತು. ಒಂದೇ. ಇನ್ನೊಂದು ಬರಲೆಂದು ನಾವೆಲ್ಲರೂ ಕಾದೆವು, ಬರಲಿಲ್ಲ.

"ಒಸಿ ಕೂತ್ಕಂಡು ನೀರು ಕುಡ್ದು ಓಗಿ," ಎಂದಳು ಅಮ್ಮ. ಅವನು ಶೂಸ್ ಬಿಚ್ಚದೆ ಹೊಸಲಾಚೆಯ ಮೆಟ್ಟಿಲ ಮೇಲೇ ಕೂತು ಲೋಟ ಬರಿದು ಮಾಡಿ ಹೋದ. ತಲುಪಿದೆನೆಂದು ಅವನ ಫೋನ್ ಬರುವವರೆಗೂ ಅಮ್ಮ ಆ ಲೋಟವನ್ನು ಕೈಯಿಂದ ಕೆಳಗಿಡಲಿಲ್ಲ.