ಪಕ್ಕದ ಮಂಚದ ಅಲೀಮಾ

ಬಾಗಲಕೋಟೆಯ ಹಳೇ ಪೇಟೆಯಲ್ಲಿ, ಸ್ಟೇಶನ್ ಕಡೆಯಿಂದ ಬರುವ ರಸ್ತೆ ಇಕ್ಕಟ್ಟಾಗುವ ತಿರುವಿನಲ್ಲಿ ಇಂದ್ರಾಬಾಯಿಯ ಖಾನಾವಳಿ ಇತ್ತು. ಬಾಗಿಲಿಗೆ ಬೋರ್ಡು ಇರಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿದರೆ ಸಾಕು, ಕೋರ್ಟಿಗೆ ಬಂದವರು, ಬಸ್ಸಿನ ಡ್ರೈವರುಗಳು, ಬಾದಾಮಿ ಕಡೆಯಿಂದ ಮಾಲು ಕೊಳ್ಳಲು ಬಂದ ಅಂಗಡಿಕಾರರು ತಾವಾಗಿಯೇ ಬಂದು ಕೂರುತ್ತಿದ್ದರು. ಗಂಡ ಹೊಳಬಸಪ್ಪ ಕಾಯಿಪಲ್ಲೆ ತರುತ್ತಿದ್ದ, ನೀರು ಕೊಡುತ್ತಿದ್ದ. ಉಳಿದದ್ದೆಲ್ಲ ಆಕೆಯದೇ. ಮಾತು ಜೋರು, ಕೈ ಧಾರಾಳ. ಸಾಕು ಎಂದವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಉಣ್ಣಾಕ ನಾಚಗೊಂಡ್ರ ದುಡ್ಯಾಕ ಆಗೂದಿಲ್ಲ, ಉಣ್ರಿ" ಎನ್ನುವಳು. ಜ್ವರ ಬಂದವನಿಗೆ ನುಚ್ಚು, ತಾಯಿ ಸತ್ತ ಸುದ್ದಿ ಕೇಳಿ ಊರಿಗೆ ಹೊರಟವನಿಗೆ ಬುತ್ತಿ. ಮನುಷ್ಯನಿಗೆ ಏನೇ ಬರಲಿ, ಮೊದಲು ಊಟ ಹಾಕಬೇಕು, ಮಾತು ಆಮೇಲೆ ಎಂಬುದು ಆಕೆಯ ನಂಬಿಕೆಯಾಗಿತ್ತು.

ಐವತ್ತೈದು ದಾಟಿದ ಮೇಲೆ ಆಕೆಗೆ ಮಲದ ಜೊತೆ ರಕ್ತ ಹೋಗತೊಡಗಿತು. ಮೂಲವ್ಯಾಧಿ ಎಂದುಕೊಂಡಳು. ಒಬ್ಬರು ಬೇರು ಕೊಟ್ಟರು, ಇನ್ನೊಬ್ಬರು ಪುಡಿ ಕೊಟ್ಟರು. ವರ್ಷ ಹೀಗೇ ಹೋಯಿತು. ಕಡೆಗೆ ಒಂದು ದಿನ ಒಲೆಯ ಮುಂದೆಯೇ ಕಣ್ಣಿಗೆ ಕತ್ತಲು ಬಂದು ಬಿದ್ದಳು. ಊರಿನ ಡಾಕ್ಟರು ಪರೀಕ್ಷೆ ಮಾಡಿ, ಹೊಳಬಸಪ್ಪನನ್ನು ಹೊರಗೆ ಕರೆದು, ತಡಮಾಡದೆ ಮಿರಜಕ್ಕೆ ಕರೆದೊಯ್ಯಲು ಹೇಳಿದರು. ಅದು ಎಂಬತ್ತೊಂದರ ಬೇಸಿಗೆ. ಜಮಖಂಡಿ ದಾಟಿ ಹೋಗುವ ಬಸ್ಸಿನಲ್ಲಿ ಗಂಡನ ಹೆಗಲಿಗೆ ತಲೆ ಕೊಟ್ಟು ಕೂತಿದ್ದ ಇಂದ್ರಾಬಾಯಿಗೆ ಕ್ಯಾನ್ಸರ್ ಎಂಬ ಮಾತನ್ನು ಇನ್ನೂ ಯಾರೂ ಹೇಳಿರಲಿಲ್ಲ. ಆದರೆ ಹೊಳಬಸಪ್ಪ ದಾರಿಯುದ್ದಕ್ಕೂ ಒಂದೇ ಒಂದು ಮಾತೂ ಆಡದ್ದರಿಂದ ಆಕೆಗೆ ಗೊತ್ತಾಗಿತ್ತು.

ಮಿರಜದ ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ಆಕೆಯ ಪಕ್ಕದ ಮಂಚದಲ್ಲಿ ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳಿದ್ದಳು. ಇಳಕಲ್ಲಿನವಳು, ಹೆಸರು ಅಲೀಮಾ. ಗಂಡ ಅಬ್ದುಲಸಾಬ ಗ್ರಾನೈಟ್ ಕಲ್ಲಿನ ಲಾರಿ ಓಡಿಸುವವನು. ಮರಾಠಿ ಮಾತೇ ತುಂಬಿದ್ದ ಆ ವಾರ್ಡಿನಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ಅಲೀಮಾ ಎದ್ದು ಕೂತು, "ಯಾವೂರ್ರಿ ಅವ್ವಾರ ನಿಮ್ದು?" ಎಂದಳು.

"ಬಾಗಲಕೋಟಿ. ನಿಂದವ್ವಾ?"

"ಇಳಕಲ್ರಿ. ಹುನಗುಂದ ನನ್ನ ತವರಮನಿ."

ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ಅಲೀಮಾ ತನ್ನ ಕತೆಯನ್ನೆಲ್ಲ ಹೇಳಿದ್ದಳು. ಮದುವೆಯಾಗಿ ಐದು ವರ್ಷ ಮಕ್ಕಳಾಗಿರಲಿಲ್ಲ. ಹೋದ ದೀಪಾವಳಿಯ ಸುಮಾರಿಗೆ ಊಟ ಸೇರದಾಯಿತು, ವಾಂತಿ ಬಂತು, ಮುಟ್ಟು ನಿಂತಿತು, ಹೊಟ್ಟೆ ಮುಂದೆ ಬಂತು. ಅತ್ತೆ ಗುಲಾಬಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನೆರೆಯವರು ಹುಣಸೆಕಾಯಿ ತಂದುಕೊಟ್ಟರು. ಹಸಿರು ಬಳೆ ಇಡಿಸಿದರು. ಹುನಗುಂದದ ನರ್ಸಬಾಯಿ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ, ಇದು ಕೂಸಲ್ಲ, ನೀರು ಎಂದಳು.

"ಅತ್ತಿ ಆವತ್ತಿಂದ ನನ್ನ ಮಾರಿ ನೋಡಿ ಮಾತಾಡಿಲ್ರಿ," ಅಲೀಮಾ ಹೇಳಿದಳು. "ಸಿಟ್ಟಲ್ಲರಿ. ನಾಚಿಕಿ ಆಕಿಗೆ."

ಇಬ್ಬರಿಗೂ ಒಂದೇ ವಾರದಲ್ಲಿ, ಒಬ್ಬರೇ ದೊಡ್ಡ ಡಾಕ್ಟರು ಆಪರೇಶನ್ ಮಾಡಿದರು. ಇಬ್ಬರಿಗೂ ದೊಡ್ಡ ಕರುಳಿನ ಗಂಟು. ಎಚ್ಚರವಾದಾಗ ಇಬ್ಬರ ಹೊಟ್ಟೆಯ ಎಡಬದಿಗೂ ಒಂದು ಬಾಯಿ ಮಾಡಿದ್ದರು. ಇನ್ನು ಮೇಲೆ ಮಲ ಅಲ್ಲಿಂದಲೇ ಬರಬೇಕು. ಇಂದ್ರಾಬಾಯಿ ಅದನ್ನು ಮೊದಲ ಸಲ ನೋಡಿದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾಕು ಮಂದಿಗೆ ಊಟ ಬಡಿಸುವ ಹೆಂಗಸು ತಾನು. ಈ ಹೊಟ್ಟೆ ಕಟ್ಟಿಕೊಂಡು ಯಾರ ಮುಂದೆ ಬಗ್ಗಿ ಬಡಿಸಲಿ? ಆಕೆಯನ್ನು ಎಬ್ಬಿಸಿದವಳು ಅಲೀಮಾ. ಹಳೆಯ ಮೆತ್ತನೆ ಸೀರೆ ಹರಿದು, ಮಡಿಕೆ ಹಾಕಿ, ಮೇಲೊಂದು ಪ್ಲಾಸ್ಟಿಕ್ ಇಟ್ಟು, ಅದರ ಮೇಲೆ ಪಟ್ಟಿ ಬಿಗಿಯುವುದನ್ನು ನರ್ಸಿನಿಂದ ತಾನು ಮೊದಲು ಕಲಿತು ಆಕೆಗೂ ಕಟ್ಟಿದಳು. "ಕೂಸಿಗೆ ಕಟ್ಟಿದಂಗ ಕಟ್ಟೂದ್ರಿ ಅವ್ವಾರ, ಅದರಾಗೇನೈತಿ?" ಎಂದು ನಕ್ಕಳು.

ಗಂಟುಗಳ ತಪಾಸಣೆಯ ವರದಿ ಬಂದ ದಿನ ಅಬ್ದುಲಸಾಬ ಇಂದ್ರಾಬಾಯಿಯ ಮಂಚದ ಹತ್ತಿರ ಬಂದು ನಿಂತ. "ಅಕ್ಕಾರ, ಡಾಕ್ಟರ್ ಕರದಾರ. ಅವರು ಹೇಳೂದು ನನ್ನ ತಲಿಗೆ ಹತ್ತೂದಿಲ್ಲ. ನೀವೂ ಬರ್ರಿ."

ಡಾಕ್ಟರಿಗೆ ಕನ್ನಡ ಬರುತ್ತಿತ್ತು, ಅಲ್ಲಲ್ಲಿ ಮರಾಠಿ ಬೆರೆತ ಕನ್ನಡ. ಮೊದಲು ಇಂದ್ರಾಬಾಯಿಯ ಕಡೆ ತಿರುಗಿ, ನಿಮ್ಮದು ನಾವು ದಿನಾ ನೋಡುವ ಜಾತಿಯ ಗಂಟು, ಬೇರಿನ ಸಮೇತ ತೆಗೆದಿದ್ದೇವೆ, ಹರಡಿಲ್ಲ ಎಂದರು. ಬಳಿಕ ಅಬ್ದುಲಸಾಬನ ಕಡೆ ನೋಡಿ ಕನ್ನಡಕ ತೆಗೆದಿಟ್ಟರು.

"ಈಕೆಯದು ಬ್ಯಾರೆ. ಭಾಳ ವಿರಳ. ಈ ಬ್ಯಾನಿ ಇದ್ದ ನೂರು ಮಂದಿಯೊಳಗ ಒಬ್ಬರಿಗೆ ಕಾಣಸ್ತದ, ಅದೂ ಸಣ್ಣ ವಯಸ್ಸಿನವರಿಗೇ ಹೆಚ್ಚು. ಸಿಗ್ನೆಟ್ ರಿಂಗ್ ಅಂತಾರ. ಇದು ಒಂದೇ ಕಡೆ ಗಂಟು ಕಟ್ಟಿ ಕೂಡೂದಿಲ್ಲ, ಎಣ್ಣಿ ಹರಡಿದಂಗ ಹರಡ್ತದ. ಹೊಟ್ಟಿ ತೆರದು ನೋಡಿದ್ವಿ, ಎಲ್ಲಾ ಕಡೆ ಹೋಗೇತಿ. ತಗಿಯಾಕ ಆಗಲಿಲ್ಲ. ಮಲ ಹೋಗಾಕ ದಾರಿ ಮಾಡಿ ಹೊಲಿದ್ವಿ, ಅಷ್ಟ."

"ಔಷಧ, ಸಾಹೇಬರ?"

"ಒಂದು ಸೂಜಿ ಅದ, ಕೊಡ್ತೇವಿ. ಈ ಜಾತಿ ಅದಕ್ಕ ಬಗ್ಗೂದು ಕಡಿಮಿ."

ಅಬ್ದುಲಸಾಬ ತಲೆಯಾಡಿಸುತ್ತಲೇ ಇದ್ದ. ಏನೂ ತಿಳಿಯದವನ ಹಾಗೆ ಅಲ್ಲ, ಎಲ್ಲ ತಿಳಿದವನ ಹಾಗೆ. ಹೊರಗೆ ಬಂದ ಮೇಲೆ ಇಂದ್ರಾಬಾಯಿಯ ಕಾಲು ಮುಟ್ಟಿ, ಆಕಿಗೆ ಹೇಳಬ್ಯಾಡ್ರಿ ಎಂದ. ಇಂದ್ರಾಬಾಯಿ ಹೂಂ ಎಂದಳು. ಹೂಂ ಎಂದದ್ದು ಎಷ್ಟು ಭಾರವಾದ ಮಾತೆಂಬುದು ಮಂಚಕ್ಕೆ ಮರಳಿ ಅಲೀಮಾಳ ಮುಖ ನೋಡಿದಾಗ ತಿಳಿಯಿತು.

ಸೂಜಿ ಶುರುವಾಯಿತು. ಬಾಯಲ್ಲಿ ಹುಣ್ಣೆದ್ದವು, ಬಾಚಿದರೆ ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಆದರೂ ಅಲೀಮಾ ಖುಷಿಯಲ್ಲಿದ್ದಳು. "ನಿಮಗ ಸೂಜಿ ಇಲ್ಲ, ನನಗ ಐತ್ರಿ. ನೋಡ್ರಿ ಅವ್ವಾರ, ನಿಮಗಿಂತ ಮೊದಲ ನಾನ ಆರಾಮ ಆಗ್ತೇನಿ."

"ಆಗ್ತಿ ಬಿಡವ್ವಾ," ಎಂದಳು ಇಂದ್ರಾಬಾಯಿ. ಖಾನಾವಳಿಯಲ್ಲಿ ಯಾರಿಗೂ ಸುಳ್ಳು ಹೇಳಿದವಳಲ್ಲ ಆಕೆ. ಪಲ್ಯ ಹಳಸಿದ್ದರೆ ಹಳಸಿದೆ ಎಂದೇ ಹೇಳುತ್ತಿದ್ದವಳು.

ಮಳೆಗಾಲದ ಹೊತ್ತಿಗೆ ಇಬ್ಬರೂ ಊರಿಗೆ ಮರಳಿದರು. ಇಂದ್ರಾಬಾಯಿಗೆ ದಿನದಿನಕ್ಕೆ ಶಕ್ತಿ ಬಂತು. ನೆರಿಗೆಯೊಳಗೆ ಪಟ್ಟಿ ಬಿಗಿದುಕೊಂಡು, ದಸರೆಗೆಲ್ಲ ಮತ್ತೆ ಒಲೆಯ ಮುಂದೆ ಕೂತಳು. ಹೆಚ್ಚಿನ ಗಿರಾಕಿಗಳಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದವರು ಮತ್ತೆ ಬರಲಿಲ್ಲ, ಅವರ ಸುದ್ದಿ ಆಕೆ ಎತ್ತಲೂ ಇಲ್ಲ. ಅತ್ತ ಇಳಕಲ್ಲಿನಲ್ಲಿ ಅಲೀಮಾಳ ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿತು. ಲಾರಿ ಬಾಗಲಕೋಟೆಗೆ ಬಂದಾಗ ಅಬ್ದುಲಸಾಬ ಖಾನಾವಳಿಯ ಬಾಗಿಲಲ್ಲಿ ನಿಂತು, "ನಿಮ್ಮನ್ನ ಭಾಳ ನೆನಸ್ತಾಳ್ರಿ" ಎಂದ. ಉಣ್ಣು ಎಂದರೆ ಕೂರಲಿಲ್ಲ.

ಮರುದಿನ ಇಂದ್ರಾಬಾಯಿ ಬುತ್ತಿ ಕಟ್ಟಿದಳು. ತೆಳುವಾದ ಸಜ್ಜಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಸಣ್ಣ ಡಬ್ಬಿಯಲ್ಲಿ ಗೋಧಿ ಹುಗ್ಗಿ. ಹೊಟ್ಟೆಯ ಪಟ್ಟಿ ಜಾರದಂತೆ ಕೈಯಿಂದ ಒತ್ತಿ ಹಿಡಿದು, ಹುನಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಇಳಕಲ್ಲಿಗೆ ಹೋದಳು.

ಗುಲಾಬಬಿ ಬಾಗಿಲು ತೆರೆದು ಒಳಗೆ ಕರೆದೊಯ್ದಳು. ಅಲೀಮಾಳ ಕೈಕಾಲು ಕಡ್ಡಿಯಂತಾಗಿದ್ದವು, ಹೊಟ್ಟೆಯೊಂದೇ ಎತ್ತರವಾಗಿತ್ತು. ಡಬ್ಬಿ ನೋಡಿ ಆಕೆಯ ಕಣ್ಣು ಅರಳಿದವು. "ಖಾನಾವಳಿ ಊಟ! ತಾರ್ರಿ." ಇಂದ್ರಾಬಾಯಿ ಹುಗ್ಗಿಯನ್ನು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟಳು. ಅಲೀಮಾ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು, ನುಂಗಿದಳು. ನುಂಗಿದ್ದು ನಿಲ್ಲಲಿಲ್ಲ. ಹಸಿರು ನೀರಿನ ಜೊತೆ ಹೊರಗೆ ಬಂತು. ಎರಡನೇ ಸಲ ಮೊಸರಿನ ನೀರು ಚಮಚದಲ್ಲಿ ಕೊಟ್ಟಳು. ಅದೂ ನಿಲ್ಲಲಿಲ್ಲ. ಗುಲಾಬಬಿ ನೆಲ ಒರೆಸುತ್ತ, ತಲೆಯೆತ್ತದೆ, "ನೀರು ಸುದ್ದಾ ಇಳಿವಲ್ದರಿ ಬಾಯಾರ" ಎಂದಳು.

ಇಂದ್ರಾಬಾಯಿ ಡಬ್ಬಿಗಳ ನಡುವೆ ಕೂತಳು. ಊರಿಗೆಲ್ಲ ಉಣಿಸಿದ ಕೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಅದಕ್ಕೆ ಇನ್ನೊಂದು ಕೆಲಸ ಗೊತ್ತಿರಲಿಲ್ಲ.

"ಅವ್ವಾರ," ಅಲೀಮಾ ಮೆಲ್ಲಗೆ ಕೇಳಿದಳು, "ಇಬ್ರಿಗೂ ಒಂದ ಬ್ಯಾನಿ, ಒಬ್ಬರ ಡಾಕ್ಟರ್. ನೀವು ಎದ್ದು ಬಸ್ ಹತ್ತಿ ಬಂದ್ರಿ. ನಾ ಯಾಕ ಏಳವಲ್ಲೆ?"

ಎಲ್ಲ ಬಾಯಿಗೆ ಬಂತು. ನಿನ್ನದು ಬೇರೆ ಜಾತಿಯ ಗಂಟು, ನಿನಗೆ ಮಾಡಿದ್ದು ಬರೀ ಮಲ ಹೋಗುವ ದಾರಿ ಎಂದು ಹೇಳಿಬಿಟ್ಟರೆ ಈ ಹುಡುಗಿಗೆ ಕಡೆಗೊಂದು ಖರೆ ಮಾತಾದರೂ ಸಿಕ್ಕೀತು ಅನ್ನಿಸಿತು. ಬಾಗಿಲ ಹತ್ತಿರ ಅಬ್ದುಲಸಾಬ ನಿಂತಿದ್ದ. ಇಂದ್ರಾಬಾಯಿ ಅವನನ್ನೂ ಆಕೆಯನ್ನೂ ನೋಡಿ, "ನನಗ ತಿಳಿಯೂದಿಲ್ಲವ್ವಾ" ಎಂದಳು.

ಅಲೀಮಾ ಸಿಟ್ಟಾಗಲಿಲ್ಲ. "ಪಟ್ಟಿ ಸಡಿಲಾಗೇತಿ ನೋಡ್ರಿ ನಿಮ್ದು," ಎಂದು ಕೈ ಚಾಚಿದಳು. ಗಂಟು ಬಿಗಿಯುವಷ್ಟು ಬಲ ಆ ಬೆರಳುಗಳಿಗೆ ಇರಲಿಲ್ಲ.

ಜೋಳ ತೆನೆಗಟ್ಟುವ ಮೊದಲೇ ಆಕೆ ಹೋದಳು. ಸುದ್ದಿ ತಲುಪಿ ಇಂದ್ರಾಬಾಯಿ ಇಳಕಲ್ಲು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಗುಲಾಬಬಿ ಆಕೆಯನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಚಹಾ ಕುಡಿಸಿದಳು.

ಇಂದ್ರಾಬಾಯಿ ವರ್ಷಕ್ಕೊಮ್ಮೆ ಮಿರಜಕ್ಕೆ ಹೋಗಿ ತೋರಿಸಿಕೊಂಡು ಬರುತ್ತಿದ್ದಳು. ಎಂಬತ್ತಾರರಲ್ಲಿ ಅದೇ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಐದು ವರ್ಷ ದಾಟಿತು, ಇನ್ನು ನೀವು ಬರುವ ಕಾರಣವಿಲ್ಲ ಎಂದು ನಕ್ಕರು. ಆಕೆ ಏಳಲಿಲ್ಲ.

"ಸಾಹೇಬರ, ಆ ಇಳಕಲ್ಲ ಹುಡುಗಿ ಇತ್ತಲ್ಲರಿ. ಅದು ಈಗ ಬಂದಿದ್ರ?"

ಡಾಕ್ಟರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ, "ಈಗ ಬಂದಿದ್ರೂ ಅಷ್ಟರಿ ಬಾಯಿ," ಎಂದರು. "ಅದಕ್ಕ ನಮ್ಮ ಕೈಯಾಗ ಇನ್ನೂ ಏನಿಲ್ಲ."

ಹೊರಗೆ ಬೇವಿನ ಗಿಡದ ಕೆಳಗೆ ಹೊಳಬಸಪ್ಪ ಕಾಯುತ್ತಿದ್ದ. "ಏನಂದ್ರು?"

"ಇನ್ನ ಬರೂದು ಬ್ಯಾಡ ಅಂದ್ರು. ಆರಾಮ ಆಗೇತಂತ."

ಐದು ವರ್ಷ ಒಂದು ಹನಿ ಕಣ್ಣೀರನ್ನೂ ತೋರಿಸದ ಗಂಡಸು ಹೆಗಲ ಟವಲು ಮುಖಕ್ಕೆ ಒತ್ತಿಕೊಂಡು, ಓಡಾಡುವ ಜನರ ನಡುವೆಯೇ ಬಿಕ್ಕಿ ಅಳತೊಡಗಿದ. ಇಂದ್ರಾಬಾಯಿ ಆತನ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದಳು. ಆತನ ಸಂತೋಷ ಮುಗಿಯುವ ತನಕ ಕಾದಳು.