ಟ್ರೇಲರಿನಲ್ಲಿ ತುಂಗಮ್ಮ

ತುಂಗಮ್ಮನಿಗೆ ಮಕ್ಕಳನ್ನು ನೋಡಿಕೊಳ್ಳುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಮದುವೆಯಾಗಿ ಕುದುರೆಮುಖಕ್ಕೆ ಬಂದಾಗ ಗಂಡ ಗುರುವಯ್ಯ ಗಣಿಯಲ್ಲಿ ಕಂಟ್ರಾಕ್ಟ್ ಕೂಲಿಯವನು, ಅವಳು ಟೌನ್‌ಶಿಪ್ಪಿನ ಶಿಶುವಿಹಾರದಲ್ಲಿ ಆಯಾ. ಸ್ವಂತ ಮಕ್ಕಳು ಆಗಲಿಲ್ಲ. ಅದರ ದುಃಖಕ್ಕೆ ಕೂರಲು ಅವಳಿಗೆ ಹೊತ್ತೂ ಇರಲಿಲ್ಲ. ಯಾರ ಯಾರದೋ ಮಕ್ಕಳು ಬೆಳಗ್ಗೆಯಿಂದ ಸಂಜೆಯವರೆಗೆ ಅವಳ ಸೆರಗಿಗೆ ಮೂಗು ಒರೆಸುತ್ತಿದ್ದವು. ಗಣಿ ನಿಂತಿತು, ಶಿಶುವಿಹಾರಕ್ಕೆ ಬೀಗ ಬಿತ್ತು, ಕ್ವಾರ್ಟರ್ಸಿನ ಜನ ಸಾಮಾನು ಕಟ್ಟಿಕೊಂಡು ಲಾರಿ ಹತ್ತಿದರು. ಗುರುವಯ್ಯ ಕಳಸದ ಆಸುಪಾಸಿನ ತೋಟಗಳಲ್ಲಿ ಕೆಲಸ ಮಾಡುತ್ತ ಕೆಮ್ಮುತ್ತ ತೀರಿಕೊಂಡ. ತುಂಗಮ್ಮ ಅಣ್ಣನ ಮಗ ದೇವೇಂದ್ರನ ಮನೆ ಸೇರಿದಳು. ಅದು ಸುಬ್ಬಣ್ಣಗೌಡರ ಕಾಫಿ ಎಸ್ಟೇಟಿನಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆ. ಅಲ್ಲೇ ಪಕ್ಕದ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು.

ಅಲ್ಲಿ ಅವಳು ಎಲ್ಲರಿಗೂ ತುಂಗಜ್ಜಿ. ಉಪ್ಪಿಟ್ಟು ಕೆದಕುವುದು, ಮೊಟ್ಟೆ ಸುಲಿಯುವುದು, ಚಡ್ಡಿ ಬದಲಿಸುವುದು, ಅಳುವವರನ್ನು ಸೊಂಟಕ್ಕೇರಿಸಿಕೊಂಡು ಕಿಟಕಿಯಾಚೆ ಮಂಗ ತೋರಿಸುವುದು. ಟೀಚರ್ ಸೌಂದರ್ಯ ತಾಲ್ಲೂಕು ಮೀಟಿಂಗಿಗೆ ಹೋದ ದಿನ ಅಂಗನವಾಡಿ ಪೂರ್ತಿ ಅವಳದೇ. ದೇವೇಂದ್ರನ ಮಗಳು ಇಂಚರಾ ಕೂಡ ಅಲ್ಲಿಗೇ ಬರುತ್ತಿದ್ದಳು. ಮನೆಯಲ್ಲಿ ಅಜ್ಜಿಯ ಪಕ್ಕದಲ್ಲೇ, ಅಜ್ಜಿಯ ಕಂಬಳಿಯೊಳಗೇ ಮಲಗುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ಮಕ್ಕಳನ್ನು ಸಾಲಾಗಿ ಮಲಗಿಸುವಾಗ ತುಂಗಮ್ಮನದೊಂದು ಆಟವಿತ್ತು. ಶಿಶುವಿಹಾರದ ಕಾಲದಿಂದಲೂ ಬಂದದ್ದು. ಹೆಜ್ಜೆ ಸಪ್ಪಳವಾಗದಂತೆ ಸಾಲಿನ ನಡುವೆ ನಡೆಯುತ್ತ, ದನಿ ತಗ್ಗಿಸಿ, ರಾಗವಾಗಿ ಕೇಳುತ್ತಿದ್ದಳು: "ಯಾರಿನ್ನೂ ಮಲ್ಗಿಲ್ಲ...?" ಮಕ್ಕಳು ಕಣ್ಣು ಬಿಗಿಯಾಗಿ ಮುಚ್ಚಿ, ನಗು ತಡೆದುಕೊಂಡು, ಒದ್ದಾಡಿ, ಕಡೆಗೆ ನಿಜವಾಗಿಯೂ ನಿದ್ದೆ ಹೋಗುತ್ತಿದ್ದವು.

ಸುಬ್ಬಣ್ಣಗೌಡರ ಮಗ ಅಭಿಷೇಕನಿಗೆ ಸಿನಿಮಾದ ಹುಚ್ಚು. ಮೂಡಿಗೆರೆಯಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಇಟ್ಟಿದ್ದ ಪ್ರಶಾಂತ್ ಅವನ ಗೆಳೆಯ. ಇಬ್ಬರೂ ಸೇರಿ ಶಾಲೆ ಮಕ್ಕಳಿಗಾಗಿ ಒಂದು ಹೆದರಿಕೆ ಸಿನಿಮಾ ಮಾಡಬೇಕೆಂದು ಹೊರಟಿದ್ದರು. ಪ್ರವಾಸಕ್ಕೆ ಬಂದ ಕೆಲವು ಮಕ್ಕಳು ದಾರಿ ತಪ್ಪಿ, ಪಾಳುಬಿದ್ದ ಟೌನ್‌ಶಿಪ್ಪಿನ ಶಿಶುವಿಹಾರದೊಳಗೆ ಸಿಕ್ಕಿಬೀಳುವ ಕಥೆ. ಹೆಸರು 'ಕೊನೇ ಹಾಸಿಗೆ'. ಬಂಡವಾಳ ಹಾಕುವವರು ಮೊದಲು ಟ್ರೇಲರ್ ತೋರಿಸಿ ಅಂದಿದ್ದರಿಂದ ಒಂದನ್ನು ಮಾಡಿ, ಹೈಸ್ಕೂಲ್ ಮಕ್ಕಳನ್ನು ಕೂರಿಸಿ ತೋರಿಸಿದರು. ಮುಖವಾಡ, ಕೆದರಿದ ಕೂದಲು, ಕಿವಿ ಹರಿಯುವ ಕಿರುಚಾಟ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. "ಇದಕ್ಕಿಂತ ಜೋರಿಂದು ಫೋನಲ್ಲಿ ದಿನಾ ಬರ್ತದೆ ಸಾರ್," ಎಂದಳು ಒಬ್ಬ ಹುಡುಗಿ.

ಆಮೇಲೆ ಅಭಿಷೇಕ ಯೋಚಿಸಿದ. ಕಿರುಚಾಟ ನೋಡಿ ನೋಡಿ ಈಗಿನ ಮಕ್ಕಳ ಮನಸ್ಸು ಜಡ್ಡುಗಟ್ಟಿದೆ. ಅವರನ್ನು ಹೆದರಿಸಬೇಕಾದರೆ ಅವರಿಗೆ ತೀರ ಪರಿಚಯವಿರುವುದೇ ಬೇಕು. ತುಂಗಮ್ಮ ಅದೇ ಶಿಶುವಿಹಾರದಲ್ಲಿ ಕೆಲಸ ಮಾಡಿದವಳೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದ ದಿನವೇ ಅವನು ಲೈನಿಗೆ ಬಂದ.

"ಸಣ್ಣಗೌಡ್ರೇ, ನನ್ನಂಥವಳನ್ನ ಕಟ್ಕೊಂಡು ಎಂಥ ಸಿನಿಮಾ ಮಾಡ್ತೀರಿ?" ಎಂದು ತುಂಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನೀವು ನಟನೆ ಮಾಡೋದೇ ಬೇಡ ತುಂಗಮ್ಮ. ಅಲ್ಲಿ ಮೊದ್ಲು ಏನು ಮಾಡ್ತಿದ್ರೋ ಅದನ್ನೇ ಮಾಡಿ, ಸಾಕು."

ದೆವ್ವದ ಸಿನಿಮಾ ಎಂದು ಅವನು ಮುಚ್ಚಿಡಲಿಲ್ಲ. ಅವಳೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಹಳೇ ಜಾಗ ನೋಡುವ ಆಸೆಯೇ ದೊಡ್ಡದಾಗಿತ್ತು.

ಅನುಮತಿ ಪಡೆದು, ಬಿಸಿಲಿನ ಒಂದು ಬೆಳಗ್ಗೆ ಜೀಪಿನಲ್ಲಿ ಹೋದರು. ರಾತ್ರಿಯನ್ನು ಸ್ಟುಡಿಯೋದಲ್ಲಿ ಮಾಡಿಕೊಳ್ಳುತ್ತೇನೆ, ಹಗಲಿನಲ್ಲೇ ತೆಗೆಯೋಣ ಎಂದಿದ್ದ ಪ್ರಶಾಂತ್. ಕ್ವಾರ್ಟರ್ಸಿನ ಸಾಲುಗಳ ನಡುವೆ ಲಂಟಾನ ಎದೆಮಟ್ಟ ಬೆಳೆದಿತ್ತು. ಬಾಗಿಲು ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಶಿಶುವಿಹಾರದ ಗೋಡೆಯ ಮೇಲೆ ಬಣ್ಣದ ಬಾತುಕೋಳಿಗಳಿದ್ದವು. ಹಾವಸೆ ಹತ್ತಿ ಒಂದರ ಕೊಕ್ಕು ಮಾತ್ರ ಉಳಿದಿತ್ತು. ತುಂಗಮ್ಮ ಬಾಗಿಲಲ್ಲಿ ನಿಂತವಳು ಬಹಳ ಹೊತ್ತು ಒಳಗೆ ಕಾಲಿಡಲಿಲ್ಲ. ಅಲ್ಲಿ ರಮೇಶ್ ಸಾಹೇಬರ ಮಗಳು ಮಲಗುತ್ತಿದ್ದಳು, ಇಲ್ಲಿ ಆ ಕೇರಳದ ಅವಳಿಗಳು, ಮೂಲೆಯಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದ ಕ್ಯಾಂಟೀನಿನವರ ಮಗ. ಒಬ್ಬೊಬ್ಬರನ್ನೂ ಕೈ ತೋರಿಸಿ ಹೇಳಿದಳು. ಈಗ ಅವರೆಲ್ಲ ಎಲ್ಲಿದ್ದಾರೋ, ಅವಳ ಗುರುತು ಯಾರಿಗಿದೆಯೋ.

ತುಕ್ಕು ಹಿಡಿದ ಮಂಚಗಳನ್ನು ಸಾಲಾಗಿ ಇಟ್ಟರು. ಅವಳ ಮುಖಕ್ಕೆ ಏನೂ ಬಳಿಯಲಿಲ್ಲ. ಬಿಳಿ ಸೀರೆಯೊಂದನ್ನು ಉಡಿಸಿದರು, ಅಷ್ಟೆ. ಅವಳು ಮಂಚಗಳ ನಡುವೆ ನಡೆದಳು, ಹಳೇ ರಾಗದಲ್ಲಿ ಕೇಳಿದಳು. ಕೊನೆಯ ಮಂಚದ ಹತ್ತಿರ ಬಂದಾಗ ಕ್ಯಾಮರಾದ ಹಿಂದಿನಿಂದ ಅಭಿಷೇಕ ಮೆಲ್ಲಗೆ ಹೇಳಿದ: "ಆ ಮಕ್ಕಳೆಲ್ಲ ಇಲ್ಲೇ ಇದ್ದಾರೆ ಅಂದ್ಕೊಳ್ಳಿ. ನಿದ್ದೆ ಬಂದಂಗೆ ನಾಟಕ ಮಾಡ್ತಿದ್ದಾರೆ. ತಿರುಗಿ ನೋಡಿ."

ತುಂಗಮ್ಮ ತಿರುಗಿದಳು. ಒಂದು ಕ್ಷಣ ಅವಳಿಗೆ ನಿಜಕ್ಕೂ ಕಂಡವೇನೋ. ಕಣ್ಣು ತುಂಬಿ ಬಂದು, ಮುಖ ಅರಳಿ, ಅವಳು ನಕ್ಕಳು. ಮಕ್ಕಳ ಮೇಲೆ ಜೀವ ಇಟ್ಟುಕೊಂಡ ಹೆಂಗಸು ನಗುವ ಹಾಗೆ. ಅಭಿಷೇಕ ಕ್ಯಾಮರಾ ನಿಲ್ಲಿಸಲಿಲ್ಲ.

ಸ್ಟುಡಿಯೋದಲ್ಲಿ ಪ್ರಶಾಂತ್ ಮಾಡಿದ್ದು ಹೆಚ್ಚೇನಿಲ್ಲ. ಹಿನ್ನೆಲೆ ಸಂಗೀತವನ್ನು ಪೂರ್ತಿ ತೆಗೆದುಹಾಕಿದ. ಬಿಸಿಲನ್ನು ನೀಲಿ ಮಾಡಿದ. ಅವಳ ದನಿಯನ್ನು ನಿಧಾನ ಮಾಡಿ, ಒಂದಿಷ್ಟು ಆಳಕ್ಕಿಳಿಸಿದ. ಮೊದಲು ಖಾಲಿ ಮಂಚಗಳು. ಆಮೇಲೆ ದನಿ ಮಾತ್ರ. ಆಮೇಲೆ ಒಂದು ಮಂಚದ ಮೇಲಿನ ಹೊದಿಕೆ ಉಸಿರಾಡಿದಂತೆ ಏಳುತ್ತದೆ, ಇಳಿಯುತ್ತದೆ. ಬೆನ್ನು ತಿರುಗಿಸಿ ನಿಂತ ಹೆಂಗಸು. ಅವಳು ಯಾವಾಗ ತಿರುಗುತ್ತಾಳೆಂದು ಕಾಯಿಸಿ, ಕಾಯಿಸಿ, ಇನ್ನು ತಿರುಗುವುದಿಲ್ಲವೆಂದು ನೋಡುವವರು ಉಸಿರು ಬಿಡುವ ಹೊತ್ತಿಗೆ ಆ ನಗು. ತಕ್ಷಣ ಕತ್ತಲೆ. ರಕ್ತವಿಲ್ಲ, ಕೂಗಿಲ್ಲ.

ತುಂಗಮ್ಮನನ್ನು ಮೂಡಿಗೆರೆಗೆ ಕರೆಸಿ ತೋರಿಸಿದರು. "ಅಯ್ಯಪ್ಪ, ನಾನೇನಾ ಇದು?" ಎಂದು ಎದೆ ಮುಟ್ಟಿಕೊಂಡು, ಮರುಗಳಿಗೆ ಇನ್ನೊಂದು ಸಲ ಹಾಕಿ ಎಂದಳು. ತನ್ನ ಮುಖವನ್ನು ಅಷ್ಟು ದೊಡ್ಡದಾಗಿ ಅವಳು ಎಲ್ಲೂ ಕಂಡಿರಲಿಲ್ಲ. ಮನೆಗೆ ಬಂದು ಪವಿತ್ರಾಗೆ, ದೇವೇಂದ್ರನ ಹೆಂಡತಿಗೆ, ಅದನ್ನು ವರ್ಣಿಸಿ ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು.

ಈ ಸಲ ಹೈಸ್ಕೂಲ್ ಮಕ್ಕಳು ನಗಲಿಲ್ಲ. ಕೊನೆಯ ಬೆಂಚಿನ ಗಂಡುಹುಡುಗರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಅಭಿಷೇಕ ಟ್ರೇಲರನ್ನು ಯೂಟ್ಯೂಬಿಗೆ ಹಾಕಿದ. ವಾರ ಕಳೆಯುವುದರೊಳಗೆ ಅದು ಕೊಟ್ಟಿಗೆಹಾರದ ಹೋಟೆಲುಗಳಲ್ಲಿ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ, ಬಸ್ಸಿನಲ್ಲಿ, ತೋಟದಲ್ಲಿ, ಕಂಡ ಕಂಡ ಫೋನಿನಲ್ಲಿ ಓಡತೊಡಗಿತು. ಲೈನಿನ ಮನೆಗಳಿಗೂ ಬಂತು. ನಮ್ಮ ತುಂಗಮ್ಮ ಅಂತ ದೊಡ್ಡವರು ನೋಡಿದರು. ಅವರ ತೊಡೆಯ ಮೇಲೆ ಕೂತಿದ್ದ ಸಣ್ಣವರೂ ನೋಡಿದರು.

ಮೊದಲು ಹೆದರಿದ್ದು ನಾಲ್ಕು ವರ್ಷದ ಒಂದು ಹುಡುಗಿ. ಬೆಳಗ್ಗೆ ಅಂಗನವಾಡಿಯ ಬಾಗಿಲಲ್ಲಿ ತುಂಗಮ್ಮ ಎಂದಿನಂತೆ ಕೈ ಚಾಚಿದಾಗ ಆ ಮಗು ಅವ್ವನ ಕುತ್ತಿಗೆಗೆ ಜೋತುಬಿದ್ದು ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಮಧ್ಯಾಹ್ನ ಚಾಪೆ ಹಾಸುವ ಹೊತ್ತಿಗೆ ಉಳಿದವೂ ಶುರುಮಾಡಿದವು. ತುಂಗಮ್ಮ ಬಾಯಿಯೇ ತೆರೆದಿರಲಿಲ್ಲ. ಸಾಲಿನ ನಡುವೆ ಒಂದು ಹೆಜ್ಜೆ ಇಟ್ಟದ್ದಷ್ಟೆ. ಒಂದು ಮಗು ಕಿರುಚಿತು, ಅದನ್ನು ನೋಡಿ ಇನ್ನೊಂದು. ಗೋಡೆಗೆ ಬೆನ್ನು ಒತ್ತಿ ನಿಂತ ಆ ಸಣ್ಣ ಮುಖಗಳನ್ನು ಅವಳು ನೋಡಿದಳು. ಸಮಾಧಾನ ಮಾಡಬೇಕೆಂದು ನಕ್ಕಳು. ಅದೇ ತಪ್ಪಾಯಿತು.

"ಅಜ್ಜಿ, ನೀವು ಸ್ವಲ್ಪ ದಿನ ಅಡುಗೆಮನೇಲೇ ಇರಿ," ಎಂದಳು ಸೌಂದರ್ಯ. ಅವಳಿಗೆ ಹೇಳಲು ಮನಸ್ಸಿರಲಿಲ್ಲ. "ಮಕ್ಕಳು ಮರೀತಾರೆ."

ಮರೆಯಲಿಲ್ಲ. ಅವಳು ಬಡಿಸಿದ ತಟ್ಟೆ ಮುಟ್ಟಲಿಲ್ಲ. ಒಂದಕ್ಕೆ ಜ್ವರ ಬಂತು; ಹೆದರಿಕೆ ಜ್ವರ ಎಂದು ಅದರ ಅಜ್ಜಿ ನೀರು ನಿವಾಳಿಸಿ ಚೆಲ್ಲಿಸಿದಳು. ತಾಯಂದಿರು ಮೊದಮೊದಲು ಮಕ್ಕಳನ್ನು ಗದರಿದರು, ಆಮೇಲೆ ಹಲವರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟರು. ಯಾರೂ ತುಂಗಮ್ಮನನ್ನು ಬೈಯಲಿಲ್ಲ. "ನಿಮ್ದೇನೂ ತಪ್ಪಿಲ್ಲ ಮಾರಾಯ್ತಿ, ಏನು ಮಾಡೋದು," ಎನ್ನುತ್ತಿದ್ದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳು ಗೌಡರ ಬಂಗಲೆಗೆ ಹೋಗಿ ಅಂಗಳದಲ್ಲಿ ನಿಂತಳು.

"ಅದನ್ನ ಅಳಿಸಿಬಿಡಿ ಸಣ್ಣಗೌಡ್ರೇ. ನಿಮ್ಮ ಕಾಲು ಹಿಡೀತೀನಿ."

ಅಭಿಷೇಕ ಅಲ್ಲೇ, ಅವಳ ಎದುರಿಗೇ ಫೋನ್ ತೆಗೆದು ಅಳಿಸಿದ. ಅಷ್ಟರಲ್ಲಿ ಯಾರ ಯಾರೋ ಅದನ್ನು ಇಳಿಸಿಕೊಂಡು, ತಮ್ಮ ತಮ್ಮ ಹೆಸರಿನಲ್ಲಿ ಹಾಕಿಕೊಂಡಾಗಿತ್ತು. ಅವಳ ನಗುವನ್ನಷ್ಟೇ ಕತ್ತರಿಸಿ, ಅದಕ್ಕೆ ಬೇರೆ ಬೇರೆ ಸದ್ದು ಸೇರಿಸಿದವರೂ ಇದ್ದರು. "ನನ್ನ ಕೈ ಮೀರಿ ಹೋಯ್ತು ತುಂಗಮ್ಮ," ಎಂದ ಅವನು, ಮುಖ ಎತ್ತದೆ. ಅವನಿಗೂ ನಿದ್ದೆ ಕೆಟ್ಟಿತ್ತು. ಬಂಡವಾಳ ಹಾಕುತ್ತೇವೆಂದವರು ಟ್ರೇಲರನ್ನು ಹೊಗಳಿ, ಮಕ್ಕಳ ಸಿನಿಮಾಕ್ಕೆ ಮಾರುಕಟ್ಟೆ ಇಲ್ಲವೆಂದು ಹಿಂದೆ ಸರಿದಿದ್ದರು. ಸಿನಿಮಾ ಹುಟ್ಟಲೇ ಇಲ್ಲ.

ಸರಿಪಡಿಸಲು ಪ್ರಶಾಂತನೇ ಒಂದು ದಾರಿ ಹುಡುಕಿದ. ಲ್ಯಾಪ್‌ಟಾಪ್ ತಂದು ಅಂಗನವಾಡಿಯಲ್ಲೂ, ಮುಂದಿನ ದಿನ ಪಕ್ಕದ ಪ್ರೈಮರಿ ಶಾಲೆಯಲ್ಲೂ, ಟ್ರೇಲರ್ ಹೇಗೆ ಮಾಡಿದ್ದೆಂದು ಬಿಡಿಸಿ ತೋರಿಸಿದ. ಇದು ಹಗಲು, ಇದು ನಾನು ಬಳಿದ ನೀಲಿ. ಹೊದಿಕೆ ಎಳೆದದ್ದು ಈ ದಾರ. ಇದು ಅಜ್ಜಿಯ ನಿಜವಾದ ದನಿ, ಕೇಳಿ. ಪ್ರೈಮರಿ ಶಾಲೆಯ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿ, ಚಪ್ಪಾಳೆ ತಟ್ಟಿದವು. ಅಂಗನವಾಡಿಯ ಸಣ್ಣವಕ್ಕೆ ದಾರವೂ ಅರ್ಥವಾಗಲಿಲ್ಲ, ನೀಲಿಯೂ ಅರ್ಥವಾಗಲಿಲ್ಲ. ಆ ಮುಖ ಮತ್ತೊಮ್ಮೆ ಕಂಡಿತು, ಅಷ್ಟೆ. ಹೆದರಿಕೆ ಬಿಟ್ಟ ಶಾಲೆ ಮಕ್ಕಳು ತುಂಗಮ್ಮ ರಸ್ತೆಯಲ್ಲಿ ಕಂಡರೆ ಸಾಕು, ಬೇಲಿಯಾಚೆಯಿಂದ ಅವಳ ರಾಗವನ್ನೇ ಎಳೆದು ಕೂಗಿ ಓಡತೊಡಗಿದವು. ಅವಳು ಪೇಟೆಗೆ ಹೋಗುವುದನ್ನು ಬಿಟ್ಟಳು.

ಇಂಚರಾ ಮೊದಮೊದಲು ಹೆದರಿರಲಿಲ್ಲ. "ನಮ್ಮಜ್ಜಿ ಅದು" ಎಂದು ಬೇರೆ ಮಕ್ಕಳಿಗೆ ಜಂಬದಿಂದ ಹೇಳುತ್ತಿದ್ದಳು. ಆದರೆ ಎಲ್ಲ ಮಕ್ಕಳೂ ಹೆದರುವುದನ್ನು ದಿನಾ ನೋಡಿ ನೋಡಿ ಅವಳ ಕಣ್ಣಲ್ಲೂ ಅನುಮಾನ ಬಂತು. ಒಂದು ಸಂಜೆ ಊಟದ ಹೊತ್ತಿನಲ್ಲಿ ಪವಿತ್ರಾಳ ಬೆನ್ನ ಹಿಂದೆ ನಿಂತು ಕೇಳಿದಳು:

"ಅಜ್ಜಿ, ನೀನು ಯಾವಾಗ್ಲೂ ಅಜ್ಜಿಯೇನಾ?"

"ಹೌದು ಕಂದಾ. ಮತ್ತಿನ್ನೇನು?"

"ನಾನು ಮಲ್ಗಿದ್ಮೇಲೂ?"

"ಏನು ಮಾತೇ ಅದು!" ಎಂದು ಪವಿತ್ರಾ ಮಗಳಿಗೆ ಹೊಡೆಯಲು ಕೈ ಎತ್ತಿದಳು. ತುಂಗಮ್ಮ ತಡೆದಳು. ಆಮೇಲೆ ತಾನೇ ಎದ್ದು ಮಗುವಿನ ದಿಂಬನ್ನು ತಂದು ಪವಿತ್ರಾಳ ಹಾಸಿಗೆಯ ಮೇಲಿಟ್ಟಳು. ಆ ಕಂಬಳಿ ಒಬ್ಬಳಿಗೇ ದೊಡ್ಡದಾಯಿತು.

ಅಂಗನವಾಡಿಯ ಕೆಲಸ ಬಿಡುವಂತೆ ಅವಳಿಗೆ ಯಾರೂ ಹೇಳಲಿಲ್ಲ. ಹಾಜರಾತಿ ಬಿದ್ದುಹೋದದ್ದಕ್ಕೆ ಸೌಂದರ್ಯ ಮೇಲಿನವರಿಂದ ಬೈಸಿಕೊಂಡು ಬಂದು, ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುವುದನ್ನು ಕಂಡ ದಿನ ತುಂಗಮ್ಮ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು.

"ಅಜ್ಜಿ, ಆತುರ ಮಾಡ್ಬೇಡಿ. ಮುಂದಿನ ವರ್ಷ ಹೊಸ ಮಕ್ಕಳು ಬರ್ತಾವೆ."

"ಅವುಕ್ಕೂ ಅಣ್ಣ ಅಕ್ಕ ಇರ್ತಾರಲ್ಲ ಟೀಚರ್. ಹೇಳ್ಕೊಡ್ತಾರೆ." ಅಷ್ಟು ಹೇಳಿ ಅವಳು ಒಲೆ ಆರಿದೆಯೇ ಎಂದು ಒಮ್ಮೆ ನೋಡಿ ಹೊರಟಳು. ಅವಳು ಗೇಟು ದಾಟಿದ ಮೇಲೆ ಮಕ್ಕಳು ಅಂಗಳಕ್ಕೆ ಇಳಿದ ಸದ್ದು ಕೇಳಿಸಿತು. ಮಾರನೇ ವಾರ ಎಲ್ಲ ಮಕ್ಕಳೂ ಬಂದವಂತೆ. ಪವಿತ್ರಾ ಅದನ್ನು ಹೇಳಬಾರದಿತ್ತು, ಆದರೂ ಬಾಯಿಗೆ ಬಂತು.

ಈಗ ತುಂಗಮ್ಮ ಕಾಫಿ ಕೊಯ್ಲಿಗೆ ಹೋಗುತ್ತಾಳೆ. ಈ ವಯಸ್ಸಿನಲ್ಲಿ ಕೈಗೆ ವೇಗವಿಲ್ಲ; ಮೇಸ್ತ್ರಿ ಕನಿಕರದಿಂದ ತಗ್ಗಿನ ಗಿಡಗಳ ಸಾಲು ಕೊಡುತ್ತಾನೆ. ಮಾತು ಕಡಿಮೆಯಾಗಿದೆ. ನಗುವುದನ್ನಂತೂ ಬಿಟ್ಟೇಬಿಟ್ಟಿದ್ದಾಳೆ, ಯಾರಾದರೂ ತಮಾಷೆ ಮಾಡಿದರೆ ತಲೆ ಬಗ್ಗಿಸುತ್ತಾಳೆ.

ಮೊನ್ನೆ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಹೊಸದಾಗಿ ಕೆಲಸಕ್ಕೆ ಬಂದ ರಂಜಿತಾ ಎಂಬವಳು ಸಿಲ್ವರ್ ಓಕ್ ಮರದಡಿಯ ಜೋಲಿಯಿಂದ ಮಗುವನ್ನೆತ್ತಿಕೊಂಡು ಬಂದಳು. ಇನ್ನೂ ಹಲ್ಲು ಬಾರದ ಕೂಸು. ಅಳು ನಿಲ್ಲಿಸುತ್ತಿರಲಿಲ್ಲ.

"ಅಮ್ಮಾ, ಒಂದು ಗಳಿಗೆ ಹಿಡ್ಕೊಳ್ಳಿ, ಎರಡು ತುತ್ತು ಉಂಡು ಬರ್ತೀನಿ. ನಿಮಗೆ ಮಕ್ಕಳನ್ನ ಸುಧಾರ್ಸೋದು ಗೊತ್ತಂತಲ್ಲ."

ತುಂಗಮ್ಮನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಕೂಸು ಅವಳ ಬೆರಳು ಹಿಡಿಯಲು ಬಗ್ಗಿತು. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನನ್ನ ಕೈ ಎಲ್ಲ ಅಂಟು ಕಣೇ. ಬೇರೆ ಯಾರಿಗಾದ್ರೂ ಕೊಡು," ಎಂದಳು.

ಉಳಿದ ಹೆಂಗಸರಲ್ಲೊಬ್ಬಳು ಎದ್ದು ಕೂಸನ್ನು ತೆಗೆದುಕೊಂಡಳು. ತುಂಗಮ್ಮ ಅರ್ಧ ಉಂಡ ಬುತ್ತಿಯನ್ನು ಕಟ್ಟಿಟ್ಟು, ಕೆಲಸದ ಹೊತ್ತಾಗುವ ಮೊದಲೇ ಬುಟ್ಟಿ ಎತ್ತಿಕೊಂಡು ಗಿಡಗಳ ನಡುವೆ ಇಳಿದಳು.