ಒದ್ದೆ ಕಾರಿನ ಮೇಲೆ ಕಾಣದ ಗೀರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪತ್ರಿಕೆಯ ಈ ಪುಟದಲ್ಲಿ ಒಳ್ಳೆಯ ಕೆಲಸ ಮಾಡಿಯೂ ಯಾರ ಕಣ್ಣಿಗೂ ಬೀಳದವರ ಬಗ್ಗೆ ಬರೆಯುವುದು ರೂಢಿ. ನಾನು ಬರೆಯಹೊರಟಿರುವವರು ಒಂದು ತಪ್ಪು ಮಾಡಿದ್ದಾರೆ. ಆ ತಪ್ಪಿನಿಂದ ಇನ್ನೊಬ್ಬರ ಕೆಲಸ ಹೋಗಿದೆ. ಅದನ್ನು ನಾಲ್ಕು ಜನರ ಮುಂದೆ ಇಡುವ ಅಧಿಕಾರ ನನಗಿದೆಯೇ ಎಂದು ಬಹಳ ದಿನ ಯೋಚಿಸಿದೆ. ಎರಡು ಸಲ ಬರೆದು ಹರಿದು ಹಾಕಿದೆ. ಬೇರೆ ಹೆಸರಿಟ್ಟು ಬರೆಯುತ್ತೇನೆ ಎಂದರೆ ಅವರು ಒಪ್ಪಲಿಲ್ಲ. ಹಾಗಾಗಿ ಅವರು ಹೇಳಿದ್ದನ್ನೂ ನಾನು ಕಂಡದ್ದನ್ನೂ ಇದ್ದ ಹಾಗೆ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಹೆಚ್ಚುಕಡಿಮೆಯಾಗಿದ್ದರೆ ಅದು ನನ್ನ ಬರವಣಿಗೆಯ ದೋಷ.

ಬೆಳಗಿನ ಐದೂಕಾಲು ಗಂಟೆ. ಗಬ್ಬೂರ ಬೈಪಾಸಿನ ಬದಿಯಲ್ಲಿ, ತಗಡಿನ ಬೇಲಿಯೊಳಗೆ, ಹತ್ತೊಂಬತ್ತು ಬಾಡಿಗೆ ಕಾರುಗಳು ಸಾಲಾಗಿ ನಿಂತಿವೆ. ಚಾಲಕರಿಲ್ಲದೆ ಬಾಡಿಗೆಗೆ ಕೊಡುವ ಕಾರುಗಳಿವು. ಒಯ್ದವರೇ ಓಡಿಸಿಕೊಂಡು ಹೋಗಿ ಮರಳಿ ತಂದು ನಿಲ್ಲಿಸಬೇಕು. ನಾನು ಬರೆಯಹೊರಟಿರುವ ಅಬ್ದುಲಗನಿ ಇಲ್ಲಿ ಕಾರು ತಪಾಸಣೆ ಮಾಡುವವರು. ಅವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಬೆರಳಿನ ಉಂಗುರವನ್ನೂ ತೆಗೆಯುತ್ತಾರೆ. ಆಮೇಲೆ ಮೊದಲ ಕಾರಿನ ಮುಂದೆ ಮೊಣಕಾಲೂರಿ ಕುಳಿತು ಬಂಪರಿನ ಮೇಲೆ ಬೆರಳಿನ ಹಿಂಭಾಗ ಆಡಿಸುತ್ತಾರೆ. ಅಂಗೈ ಒರಟಾಗಿರುತ್ತದೆ, ಬೆರಳಿನ ಹಿಂದಿನ ಚರ್ಮಕ್ಕೆ ಸಣ್ಣದೂ ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಒಂದು ಕಾರಿಗೆ ಹನ್ನೊಂದು ನಿಮಿಷ. ಕೈಯಲ್ಲಿ ಒಂದು ಹಾಳೆ, ಅದರ ಮೇಲೆ ಕಾರಿನ ನಾಲ್ಕೂ ಬದಿಯ ಚಿತ್ರ. ಗೀರು ಕಂಡರೆ ಕೆಂಪು ಪೆನ್ಸಿಲಿನಿಂದ ಗೆರೆ, ತಗ್ಗು ಬಿದ್ದಿದ್ದರೆ ಸೊನ್ನೆ. ಕಾರು ಹೊರಡುವಾಗ ಒಂದು ಹಾಳೆ, ಮರಳಿ ಬಂದಾಗ ಇನ್ನೊಂದು. ಎರಡಕ್ಕೂ ಗಿರಾಕಿಯ ಸಹಿ. ಎರಡನೆಯ ಹಾಳೆಯಲ್ಲಿ ಹೊಸ ಗೆರೆ ಬಿದ್ದಿದ್ದರೆ ಅದು ಒಯ್ದವರ ತಲೆಗೆ. ದಿನಕ್ಕೆ ಹತ್ತು ಹನ್ನೆರಡು ಕಾರು ಹೋಗುತ್ತವೆ, ಅಷ್ಟೇ ಬರುತ್ತವೆ. ಅಂದರೆ ಹೆಚ್ಚುಕಡಿಮೆ ನಾಲ್ಕು ತಾಸು ಅವರು ಕುಳಿತು ಎದ್ದು, ಬಗ್ಗಿ, ಸುತ್ತುತ್ತಲೇ ಇರುತ್ತಾರೆ. ವಯಸ್ಸು ಅರವತ್ತೊಂದು. ಎಡಗಾಲಿನ ಮೊಣಕಾಲು ಮಾತು ಕೇಳುತ್ತಿಲ್ಲ.

ಇದಕ್ಕೆ ಮೊದಲು ಮೂವತ್ತೆರಡು ವರ್ಷ ಅವರು ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ತಗ್ಗು ಎತ್ತಿ, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಊದುವ ಕೆಲಸ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೂ ಬಣ್ಣದ ಹೊಗೆ ಎದೆ ಸೇರಿತು. ಆರು ವರ್ಷದ ಹಿಂದೆ ವೈದ್ಯರು ಬಿಡಲು ಹೇಳಿದರು. ಹೆಂಡತಿ ಮಾಬೂಬಿ ಹಟ ಹಿಡಿದು ಬಿಡಿಸಿದರು. ಗೀರು ಮುಚ್ಚುತ್ತಿದ್ದವರು ಹೀಗೆ ಗೀರು ಹುಡುಕುವವರಾದರು.

ಗಿರಾಕಿಗಳ ಸುದ್ದಿ ತೆಗೆದರೆ ಅವರು ಸ್ವಲ್ಪ ನಗುತ್ತಾರೆ. ಗೀರಿನ ಮೇಲೆ ಕೆಸರು ಮೆತ್ತಿ ತರುವವರಿದ್ದಾರೆ. ಪೆಟ್ಟು ಬಿದ್ದ ಬದಿಯನ್ನು ಬೇಲಿಗೆ ಒತ್ತಿ ನಿಲ್ಲಿಸಿ, ಕೀಲಿ ಕೊಟ್ಟು, ಅವಸರವಿದೆ ಎಂದು ಆಟೋ ಹತ್ತುವವರಿದ್ದಾರೆ. ಒಂದು ಮದುವೆಯ ದಿಬ್ಬಣದವರು ತಗ್ಗಿನ ಮೇಲೆ ವಧೂವರರ ಹೆಸರಿನ ಚೀಟಿ ಅಂಟಿಸಿ ತಂದಿದ್ದರು. ಬಾನೆಟ್ಟಿನ ಮೇಲೆ ಆಡು ಹತ್ತಿತ್ತು ಎಂದವನನ್ನು ಮಾತ್ರ ಅವರು ನಂಬಿದರು.

“ಗೊರಸಿನ ಗುರುತ ಇದ್ವರಿ,” ಎನ್ನುತ್ತಾರೆ. “ಆಡು ಸುಳ್ಳ ಹೇಳಂಗಿಲ್ಲಲ್ಲ.”

ನಗು ಅಷ್ಟಕ್ಕೇ ನಿಲ್ಲುತ್ತದೆ. ಆರು ವರ್ಷದಲ್ಲಿ ತಾವಾಗಿಯೇ ಬಂದು, ಇಲ್ಲಿ ತಾಗಿಸಿದ್ದೇನೆ ನೋಡಿ ಎಂದವರನ್ನು ಅವರು ಬೆರಳಿನಲ್ಲಿ ಎಣಿಸುತ್ತಾರೆ. ಅಂಥವರ ಡೆಪಾಸಿಟ್ ಮುರಿದುಕೊಳ್ಳಲಾಗುತ್ತದೆ. ಕೆಸರು ಮೆತ್ತಿದವರಲ್ಲಿ ಒಂದಿಷ್ಟು ಜನ ಪೂರ್ತಿ ಹಣ ಪಡೆದು ಹೋಗುತ್ತಾರೆ. ಇದು ಅವರಿಗೆ ಸರಿ ಕಾಣುವುದಿಲ್ಲ, ಆದರೆ ನಿಯಮ ಅವರು ಮಾಡಿದ್ದಲ್ಲ. “ಖರೇ ಹೇಳಿದಾಂವಗ ದಂಡ ಬರೀಬೇಕಾದಾಗ ಪೆನ್ಸಿಲ್ ಭಾರ ಆಗತೈತ್ರಿ,” ಎಂದರು.

ಅವರ ಕಸುಬಿನಲ್ಲಿ ಒಂದು ನಿಯಮವಿದೆ. ಬಣ್ಣದ ಕೆಲಸ ಕಲಿತ ಮೊದಲ ವಾರದಲ್ಲೇ ಉಸ್ತಾದರು ಹೇಳಿಕೊಟ್ಟದ್ದು. ಒದ್ದೆ ಗಾಡಿಯನ್ನು ನೋಡಿ ಮಾತು ಕೊಡಬಾರದು. ಗೀರಿನೊಳಗೆ ನೀರು ಕೂತುಬಿಡುತ್ತದೆ, ಬಣ್ಣ ಹೊಸದರಂತೆ ಹೊಳೆಯುತ್ತದೆ, ಬೆರಳೂ ಜಾರುತ್ತದೆ. ಒಣಗಿದ ಮೇಲೆ ಗೀರು ಮತ್ತೆ ಮೇಲೇಳುತ್ತದೆ. ಆದ್ದರಿಂದಲೇ ಇಲ್ಲಿ ಸಂಜೆ ತಡವಾಗಿ ಬಂದ ಕಾರನ್ನು ಬೆಳಗ್ಗೆ ಒಣಗಿದ್ದಾಗಲೇ ನೋಡಿ, ಹಾಳೆ ಬರೆದು, ನಂತರ ತೊಳೆಯಲು ಬಿಡುವುದು ವಾಡಿಕೆ.

ಶ್ರಾವಣದ ಒಂದು ಬುಧವಾರ ಆ ವಾಡಿಕೆ ತಪ್ಪಿತು. ಹಿಂದಿನ ಸಂಜೆ ಅಬ್ದುಲಗನಿ ಮನೆಗೆ ಹೋದ ಮೇಲೆ, ಗೀತಾಂಜಲಿ ಎಂಬ ಶಾಲಾ ಶಿಕ್ಷಕಿ ಒಂದು ಬಿಳಿ ಕಾರನ್ನು ತಂದು ನಿಲ್ಲಿಸಿ, ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟು ಹೋಗಿದ್ದರು. ಅದೇ ಕಾರನ್ನು ಬೆಳಗಿನ ಐದೂವರೆಗೆ ಬೇರೆಯವರು ಒಯ್ಯುವುದಿತ್ತು. ಹೀಗಾಗಿ ತೊಳೆಯುವವರು ಕತ್ತಲಲ್ಲೇ ತೊಳೆದಿಟ್ಟಿದ್ದರು. ಅಬ್ದುಲಗನಿ ಬಂದಾಗ ಕಾರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಒಯ್ಯಲು ಬಂದಿದ್ದ ಹನಮೇಶ ಆಗಲೇ ಕಾಯುತ್ತಿದ್ದರು.

ಹನಮೇಶ ಧಾರವಾಡದ ಒಂದು ಮನೆಯಲ್ಲಿ ಒಂಬತ್ತು ವರ್ಷದಿಂದ ಡ್ರೈವರ್. ಮನೆಯವರ ಸ್ವಂತ ಕಾರು ರಿಪೇರಿಗೆ ಹೋಗಿತ್ತು, ಗದಗಿನಲ್ಲಿ ಅವರ ಬಂಧುಗಳ ಮದುವೆ. ಬಾಡಿಗೆ ಕಾರು ಆ ಮನೆಯ ಮಾಲೀಕರ ಹೆಸರಿನಲ್ಲಿ, ಸಹಿ ಹನಮೇಶರದು. ಹತ್ತು ನಿಮಿಷ ನಿಲ್ಲಿ, ಒಣಗಲಿ ಎನ್ನಬೇಕಿತ್ತು ಎಂದು ಅಬ್ದುಲಗನಿ ಈಗ ಹೇಳುತ್ತಾರೆ. ಆದರೆ ಹನಮೇಶ ಎರಡು ಸಲ ಫೋನು ನೋಡಿಕೊಂಡರು. ಇವರು ಒದ್ದೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಾಳೆಯನ್ನು ಖಾಲಿ ಬಿಟ್ಟು ಸಹಿ ಮಾಡಿಸಿಕೊಂಡರು.

ಮರುದಿನ ಸಂಜೆ ಕಾರು ಮರಳಿತು. ಎಡಗಡೆಯ ಹಿಂದಿನ ಬಾಗಿಲಿನಲ್ಲಿ, ಹಿಡಿಕೆಯ ಕೆಳಗೆ, ಬೆರಳುದ್ದದ ಗೀರು. ಅಷ್ಟೇ. ಪಾಲಿಶ್ ಹಾಕಿ ಉಜ್ಜಿದರೆ ಅರ್ಧ ಹೋಗುವಂಥದ್ದು. ಆ ಹೊತ್ತಿಗೆ ಹನಮೇಶರ ಮಾಲೀಕರ ಮಗನೂ ಜೊತೆಗೆ ಬಂದಿದ್ದರು.

“ಕಾಕಾ, ಇದು ನನ್ನ ಕೈಯಾಗ ಆಗಿಲ್ರಿ,” ಎಂದರಂತೆ ಹನಮೇಶ. “ಆಗಿದ್ರ ನಾನ ಮೊದಲ ಹೇಳತಿದ್ದೆ.”

ಅಬ್ದುಲಗನಿ ದಿನಕ್ಕೆ ನಾಲ್ಕು ಸಲ ಕೇಳುವ ಮಾತು ಅದು. ಅದಕ್ಕೆ ಅವರ ಬಳಿ ಸಿದ್ಧ ಉತ್ತರವೊಂದಿದೆ: “ಹಾಳಿ ಮ್ಯಾಲೆ ನಿಮ್ಮ ಸಹಿ ಐತಿ ನೋಡ್ರಿ.” ಅಂದೂ ಅದನ್ನೇ ಹೇಳಿದರು. ಮಾಲೀಕರ ಮಗ ಹನಮೇಶರ ಕಡೆ ತಿರುಗಿ, ಗೀರು ದೊಡ್ಡದಲ್ಲ, ಒಪ್ಪಿಕೊಂಡರೆ ಮುಗಿಯಿತು ಎಂದರು. ಹನಮೇಶ ಒಪ್ಪಲಿಲ್ಲ. ಮೂರು ಸಲ ಕೇಳಿದರು, ಮೂರು ಸಲವೂ ಅದೇ ಉತ್ತರ. ಅಬ್ದುಲಗನಿ ಕೆಂಪು ಗೆರೆ ಎಳೆದು ಹನಮೇಶರ ಹೆಸರು ಬರೆದರು.

ಮೂರು ವಾರದ ಮೇಲೆ, ಅದೇ ಕಾರಿನ ಹೊಗೆ ತಪಾಸಣೆಯ ಚೀಟಿ ಹುಡುಕಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದಾಗ, ಕಾಗದಗಳ ನಡುವೆ ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ ಸಿಕ್ಕಿತು. ಅದನ್ನು ನಾನು ನೋಡಿದ್ದೇನೆ. ದುಂಡಗಿನ ಅಕ್ಷರದಲ್ಲಿ ಹೀಗಿದೆ: “ಎಡಗಡೆ ಹಿಂದಿನ ಬಾಗಿಲಿಗೆ ನಮ್ಮ ಮನೆಯ ಗೇಟಿನ ಚಿಲಕ ತಾಗಿ ಗೀರು ಬಿದ್ದಿದೆ. ತಪ್ಪು ನನ್ನದು. ಖರ್ಚು ತಿಳಿಸಿರಿ.” ಕೆಳಗೆ ಗೀತಾಂಜಲಿಯವರ ಹೆಸರು, ಫೋನ್ ನಂಬರು, ತಾರೀಖು. ಆ ಬುಧವಾರದ ಹಿಂದಿನ ದಿನದ ತಾರೀಖು.

ನಾನು ಗೀತಾಂಜಲಿಯವರಿಗೆ ಫೋನ್ ಮಾಡಿದೆ. ಕಾಗದಪತ್ರ ಇರುವ ಜಾಗದಲ್ಲಿಟ್ಟರೆ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದರಂತೆ. ಯಾರೂ ಕೇಳದಿದ್ದಾಗ, ಸಣ್ಣದೆಂದು ಬಿಟ್ಟಿರಬೇಕು ಎಂದು ಸುಮ್ಮನಾದರಂತೆ. ಒಂದು ಸಲ ತಾವೇ ಫೋನ್ ಮಾಡಬೇಕಿತ್ತು ಎಂದರು.

ಗೀತಾಂಜಲಿಯವರ ಚೀಟಿ ಸಿಕ್ಕ ದಿನವೇ ಅಬ್ದುಲಗನಿ ಅದನ್ನು ತಮ್ಮ ಯಜಮಾನರ ಮುಂದೆ ಇಟ್ಟರು. ಯಜಮಾನರು ಕೆಟ್ಟವರಲ್ಲ. ಮುಗಿದುಹೋದ ವಿಷಯ, ಚೀಟಿ ಹರಿದು ಒಗೆಯಿರಿ ಎಂದರು. ಇವರು ಹರಿಯಲಿಲ್ಲ. ಎರಡು ದಿನ ಬಿಡದೆ ಕೇಳಿದ ಮೇಲೆ, ಡೆಪಾಸಿಟ್ಟಿನಲ್ಲಿ ಹಿಡಿದುಕೊಂಡಿದ್ದ ಹಣ ಧಾರವಾಡದ ಮನೆಗೆ ಮರಳಿ ಹೋಯಿತು. ಹನಮೇಶರ ಫೋನು ಬಂದ್ ಇತ್ತು. ಹೀಗಾಗಿ ಅಬ್ದುಲಗನಿ ಆ ಮನೆಗೇ ಫೋನ್ ಮಾಡಿದರು. ಹನಮೇಶರನ್ನು ಕೆಲಸದಿಂದ ಬಿಡಿಸಿ ಎರಡು ವಾರವಾಗಿದೆ ಎಂದು ಅಲ್ಲಿ ತಿಳಿಯಿತು.

“ಗೀರಿನ ಸಲುವಾಗಿ ಬಿಡಿಸಿಲ್ಲ ಅಂದ್ರು,” ಎಂದು ಹೇಳುವಾಗ ಅಬ್ದುಲಗನಿ ನನ್ನ ಮುಖ ನೋಡಲಿಲ್ಲ. “ತಪ್ಪು ಮಾಡಿ ಒಪ್ಪಿಕೊಳ್ಳಲಿಲ್ಲ, ಅದರ ಸಲುವಾಗಿ ಬಿಡಿಸಿದಿವಿ ಅಂದ್ರು. ನಾ ಹೇಳಿದೆ, ಅವ ಮಾಡಿಲ್ರಿ, ನಾ ನೋಡಲಿಲ್ಲ, ತಪ್ಪು ನಂದು. ಅವರು, ಹೌದೇನ್ರಿ, ಪಾಪ ಅಂದ್ರು. ಹೊಸ ಡ್ರೈವರ್ ಬಂದಾನ ಅಂದ್ರು.”

ಸಹಿ ಮಾಡಿದ ಹಾಳೆಯ ಮೇಲೆ ಹನಮೇಶರ ವಿಳಾಸವಿತ್ತು, ಉಣಕಲ್ಲಿನ ಒಂದು ಬಾಡಿಗೆ ಕೋಣೆ. ಒಂದು ಶುಕ್ರವಾರ, ನಮಾಜು ಮುಗಿಸಿ, ಅಬ್ದುಲಗನಿ ಧಾರವಾಡದ ಕಡೆ ಓಡುವ ಚಿಗರಿ ಎಂಬ ನಗರ ಬಸ್ಸು ಹತ್ತಿ ಅಲ್ಲಿಗೆ ಹೋದರು. ಕೋಣೆಗೆ ಬೇರೆಯವರ ಬೀಗ. ಪಕ್ಕದ ಮನೆಯ ಹನುಮವ್ವ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು. ಯಾರು ನೀವು ಎಂದು ಕೇಳಿದಾಗ ಅಬ್ದುಲಗನಿ ಮುಚ್ಚಿಡಲಿಲ್ಲ. ಮುಂದಿನದು ನಾನು ಹನುಮವ್ವನವರ ಬಾಯಿಂದಲೇ ಕೇಳಿದ್ದು.

“ಗೀರು ಬರದಾವರು ನೀವ ಏನ್ರಿ ಅಂದೆ. ಹೌದವಾ ಅಂದ್ರು. ಬೈಬೇಕು ಅಂತಿದ್ದೆ, ಮಾರಿ ನೋಡಿ ನೀರ ಕೊಟ್ಟೆ,” ಎಂದರು ಅವರು. “ಹನಮೇಶ ಇಲ್ಲೆ ಕುಂತ ದಿನಾ ಹೇಳತಿದ್ದ, ಅಕ್ಕಾ ನಾ ಮಾಡಿಲ್ಲ, ನಾ ಮಾಡಿಲ್ಲ ಅಂತ. ನಾಕ ದಿನಾ ಕೇಳಿದಿವಿ. ಕಡೀಕ ನಾವೂ ಅಂದಿವಿ, ಮಾಡಿದ್ರ ಏನಾತೋ ಮಾರಾಯಾ, ಒಪ್ಪಿಕೋಬೇಕಿತ್ತು. ಆವತ್ತಿಂದ ಅವ ನಮ್ಮ ಕೂಡ ಮಾತ ಬಿಟ್ಟ. ಮುಂದ ಎಂಟ ದಿನಕ್ಕ ಸಾಮಾನ ಕಟಗೊಂಡ ಹೋದ.”

ಎಲ್ಲಿಗೆ ಹೋದರೆಂದು ಅವರಿಗೂ ತಿಳಿಯದು. ಒಬ್ಬರು ಗೋವಾ ಎನ್ನುತ್ತಾರೆ, ಒಬ್ಬರು ಲಾರಿ ಓಡಿಸುವ ಕೆಲಸ ಹಿಡಿದಿದ್ದಾರೆ ಎನ್ನುತ್ತಾರೆ. ಮನೆಗೆಲಸದವರು, ಡ್ರೈವರುಗಳು ಒಬ್ಬರ ಮಾತಿನ ಮೇಲೆ ಇನ್ನೊಬ್ಬರಲ್ಲಿ ಕೆಲಸ ಹಿಡಿಯುವ ಊರು ನಮ್ಮದು. ಸುಳ್ಳ ಎಂಬ ಹೆಸರು ಅಂಟಿದರೆ ಧಾರವಾಡದ ಯಾವ ಮನೆಯೂ ಕೀಲಿ ಕೊಡುವುದಿಲ್ಲ ಎಂದು ಅಬ್ದುಲಗನಿ ಹೇಳುತ್ತಾರೆ. ಒಂಬತ್ತು ವರ್ಷದ ದುಡಿಮೆಯನ್ನು ನಾನು ಬೆರಳುದ್ದದ ಗೆರೆಯಿಂದ ಅಳಿಸಿದೆ ಎಂಬ ಮಾತನ್ನು ಅವರು ನನ್ನ ಮುಂದೆ ಎರಡು ಸಲ ಆಡಿದರು. ತಪ್ಪು ನಿಮ್ಮೊಬ್ಬರದೇ ಅಲ್ಲ, ಅವಸರ ಮಾಡಿದವರಿದ್ದಾರೆ, ತೊಳೆದವರಿದ್ದಾರೆ, ನಂಬದವರಿದ್ದಾರೆ ಎಂದೆ. ಅವರು ಒಪ್ಪಲಿಲ್ಲ.

ಈಗ ಯಜಮಾನರು ಹೊಸ ಏರ್ಪಾಡು ಮಾಡುತ್ತಿದ್ದಾರೆ. ದಸರೆಯ ನಂತರ ಹಾಳೆ, ಪೆನ್ಸಿಲ್ ಇರುವುದಿಲ್ಲ. ಗಿರಾಕಿಯೇ ಫೋನಿನಲ್ಲಿ ಕಾರಿನ ಸುತ್ತ ವಿಡಿಯೊ ತೆಗೆದು ಕಳಿಸಬೇಕು. ಅಬ್ದುಲಗನಿಗೆ ಗೇಟು ಕಾಯುವ ಕೆಲಸ ಕೊಡುವ ಮಾತಿದೆ, ಖಚಿತವಿಲ್ಲ. ಅದರ ಬಗ್ಗೆ ಅವರಿಗೆ ದೂರಿಲ್ಲ. ಒದ್ದೆ ಕಾರಿನ ವಿಡಿಯೊದಲ್ಲೂ ಗೀರು ಕಾಣುವುದಿಲ್ಲ ಎಂದಷ್ಟೇ ಯಜಮಾನರಿಗೆ ತಿಳಿಸಿದ್ದಾರೆ.

ಹೆಸರು ಬದಲಿಸೋಣ ಎಂದು ನಾನು ಕೊನೆಯ ಸಲ ಕೇಳಿದ್ದು ಅವರ ಮನೆಯಲ್ಲಿ. ಊರವರು ಏನಂದಾರು ಎಂದು ಮಾಬೂಬಿಯವರೂ ನನ್ನ ಪರವಾಗಿಯೇ ಇದ್ದರು. ಅಬ್ದುಲಗನಿ ಚಹಾದ ಬಟ್ಟಲು ಕೆಳಗಿಟ್ಟರು.

“ನನ್ನ ಹೆಸರ ಹಾಕ್ರಿ,” ಎಂದರು. “ಹಾಳಿ ಮ್ಯಾಲೆ ಅವನ ಹೆಸರ ಬರಿಯೂ ಮುಂದ ನಾ ಯಾರನ್ನೂ ಕೇಳಲಿಲ್ಲ. ಅವ ಮಾಡಿಲ್ಲ ಅನ್ನೂದನ್ನೂ ಬರೀರಿ. ಅದನ್ನ ಮೊದಲ ಬರೀರಿ.”

ಅದನ್ನು ಮೊದಲು ಬರೆಯಲು ನನಗೆ ಆಗಲಿಲ್ಲ. ಎಲ್ಲವನ್ನೂ ಹೇಳದೆ ಆ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಈಗ ಬರೆಯುತ್ತೇನೆ: ಆ ಗೀರು ಹನಮೇಶ ಮಾಡಿದ್ದಲ್ಲ. ಅವರು ಹೇಳಿದ್ದು ನಿಜ.

ಅವರು ಗೋವೆಯಲ್ಲಿದ್ದಾರೋ, ಲಾರಿಯಲ್ಲಿದ್ದಾರೋ, ಬೇರೆ ಯಾವ ಊರಿನಲ್ಲಿದ್ದಾರೋ ನನಗೆ ಗೊತ್ತಿಲ್ಲ. ಈ ಪತ್ರಿಕೆ ಅಲ್ಲಿಗೆ ಹೋಗುತ್ತದೆಯೋ, ಹೋದರೂ ಅವರು ಓದುತ್ತಾರೋ, ಓದಿದರೆ ಅದರಿಂದ ಅವರಿಗೆ ಏನಾದರೂ ಆಗುತ್ತದೆಯೋ, ಅದೂ ಗೊತ್ತಿಲ್ಲ.